ಗಾಲ್ಫ್ ದಾಂಡಿನ ವೇಗವೂ ದೇಹದ ತಿರುವೂ

ದೇಹವನ್ನು ರಭಸದಿಂದ ತಿರುಗಿಸಿದಷ್ಟೂ ಗಾಲ್ಫ್ ದಾಂಡಿನ ವೇಗ ಹೆಚ್ಚುವುದೆಂಬ ನಂಬಿಕೆ ಆಟಗಾರರಲ್ಲಿ ಪ್ರಬಲವಾಗಿದೆ. ಇದನ್ನು ನಾವು ಅರ್ಧಸತ್ಯವೆಂದೇ ಎಣಿಸಬೇಕಾಗಿದೆ.

ಹಿಕರಿ ಮರದ ಕೋಲು ಬೀಸಿನ ರಭಸಕ್ಕೆ ತಿರುಚಿಕೊಳ್ಳುತ್ತಿದ್ದುದರಿಂದ ಹಿಂದಿನವರು ಕೈಚಳಕವನ್ನೇ ಹೆಚ್ಚು ನೆಚ್ಚಿದ್ದರು. 1929ರಲ್ಲಿ ಸೇಂಟ್ ಆಂಡ್ರ್ಯೂಸಿನ ರಾಯಲ್ ಅಂಡ್ ಏನ್ಷಿಯಂಟ್ ಕ್ಲಬ್ಬು ಉಕ್ಕಿನ ಕೋಲಿಗೆ ಸಮ್ಮತಿಯಿತ್ತ ತರುವಾಯ ದೇಹದ ತಿರುವಿಗೆ ಪ್ರಾಧಾನ್ಯ ಬಂದಿತು. (ಇತಿಹಾಸದಲ್ಲಿ ಉಪಕರಣವು ಅಂಗಾಭ್ಯಾಸವನ್ನು ಬದಲಿಸುವುದು ಅಪೂರ್ವವೇನಲ್ಲ.)

1968ರಲ್ಲಿ ಅಲಸ್ಟೇರ್ ಕಾಕ್ರನ್ ಮತ್ತು ಜಾನ್ ಸ್ಟಾಬ್ಸ್ ಎಂಬವರು ಬ್ರಿಟನ್ನಿನಲ್ಲಿ ನಡೆದ ಸಂಶೋಧನೆಯನ್ನಾಧರಿಸಿ ಈ ಬೀಸನ್ನು ಜೋಡಿಲೋಲಕವೆಂದು ವಿವರಿಸಿದರು: ತೋಳುಗಳು ಒಂದು ಲೋಲಕ, ಮಣಿಕಟ್ಟಿನಲ್ಲಿ ಕೀಲುಗೊಂಡ ದಾಂಡು ಇನ್ನೊಂದು. ತೋಳುಗಳಿಗಷ್ಟೇ ಇದಕ್ಕೆ ಸಾಲುವಷ್ಟು ಶಕ್ತಿಯಿಲ್ಲ. ಕಾಲು, ಸೊಂಟ, ಮುಂಡಗಳ ದೊಡ್ಡ ಸ್ನಾಯುಗಳೇ ಅದನ್ನು ಒದಗಿಸತಕ್ಕವು. ಕೆಳಬೀಸಿಗೆ ಹಿಡಿಯುವ ಕಾಲ ಸುಮಾರು ಕಾಲು ಸೆಕೆಂಡು. ಅಷ್ಟರಲ್ಲಿ ನುರಿತವರ ಸೊಂಟ, ಎದೆ, ತೋಳು, ದಾಂಡುಗಳು ಸಾಮಾನ್ಯವಾಗಿ ಇದೇ ಕ್ರಮದಲ್ಲಿ ತಮ್ಮ ತಮ್ಮ ಪರಮವೇಗವನ್ನು ಮುಟ್ಟುತ್ತವೆ. ಹಿಂದಿನದು ನಿಧಾನಿಸುತ್ತಿರುವಾಗ ಮುಂದಿನದು ಚುರುಕಾಗುತ್ತದೆ. ಚಾವಟಿ ಬೀಸಿದವರಿಗೆ ಈ ಕ್ರಮ ಅಪರಿಚಿತವಲ್ಲ. ಆದುದರಿಂದಲೇ ಸೊಂಟ ಮಂದವಾಗಿ ತಿರುಗುತ್ತಿದ್ದರೂ ದಾಂಡಿನ ತಲೆ ಗಂಟೆಗೆ 160 ಕಿಲೋಮೀಟರನ್ನು ಮೀರಬಲ್ಲುದು. ಭುಜಗಳನ್ನು ಅವಸರದಿಂದ ತಿರುಗಿಸಿ ಮಣಿಕಟ್ಟನ್ನು ಮೊದಲೇ ಬಿಚ್ಚಿದವನ ದಾಂಡಾದರೋ ಚೆಂಡನ್ನು ಸೇರುವ ಮುನ್ನವೇ ತನ್ನ ಪರಮವೇಗವನ್ನು ಕಳೆದುಕೊಂಡಿರುತ್ತದೆ.