ಗಂಟಿನ ಜಾಡು ಹಿಡಿದು

ಅಂಗಳ ಗುಡಿಸಿ ಒಲೆ ಹೊತ್ತಿಸುವಷ್ಟರಲ್ಲಿ ಮೋನಾ ಕೋತಿಗಳು ಮರ ಇಳಿದಿರುತ್ತವೆ. ಒಂದು ತಗಡಿನ ಮಾಡಿನ ಮೇಲೆ ಧಡಧಡ ಓಡುತ್ತದೆ. ಇನ್ನೊಂದು ಅಡುಗೆಮನೆಗೆ ಇಣುಕಿ, ರಾತ್ರಿ ಉಳಿದ ಬೇಯಿಸಿದ ಗೆಣಸಿನ ತುಂಡೊಂದನ್ನು ದವಡೆಯ ಚೀಲಕ್ಕೆ ತುರುಕಿಕೊಂಡು ಹೊರಬೀಳುತ್ತದೆ. ಕಲ್ಲೆತ್ತುವವರಿಲ್ಲ. ಘಾನಾ ದೇಶದ ನಡುಭಾಗದ ಬೋಆಬೆಂಗ್, ಫಿಯೇಮಾ ಎಂಬ ಈ ಜೋಡಿ ಹಳ್ಳಿಗಳಲ್ಲಿ ಕೋತಿಗಳೆಂದರೆ ದೇವರ ಮಕ್ಕಳು. ಸತ್ತರೆ ಮಣ್ಣು ಮಾಡಲು ಅವಕ್ಕೇ ಒಂದು ಸ್ಮಶಾನವಿದೆ. ನಂಬಿಕೆಯ ಬೆನ್ನಿಗೆ 1975ರಲ್ಲಿ ಕಾಯಿದೆಯೂ ಬಂತು.

ಆ ಕೋತಿಗಳ ಕರುಳಲ್ಲಿ ಒಂದು ಹುಳುವಿದೆ. ಈಸೊಫಾಗೊಸ್ಟೋಮಮ್ ಬೈಫರ್ಕಮ್ ಅಂತ ಹೆಸರು. ಹೆಸರೇ ಉದ್ದ; ಹುಳು ಒಂದೆರಡು ಸೆಂಟಿಮೀಟರ್ ಅಷ್ಟೇ.

ಈಗ ಉತ್ತರಕ್ಕೆ ಬನ್ನಿ. ಘಾನಾ, ಟೋಗೋ ದೇಶಗಳ ಬಡಗಣ ಅಂಚು. ಕಾಡು ಮುಗಿದು ಬಯಲಾಗಿದೆ. ಜೋಳ, ಸಜ್ಜೆಯ ಹೊಲಗಳು, ನಡುನಡುವೆ ಹುಲ್ಲು ಹೊದಿಸಿದ ಮಣ್ಣಿನ ಗುಂಡುಮನೆಗಳು. ಮಳೆಯಿಲ್ಲದ ತಿಂಗಳುಗಳಲ್ಲಿ ಸಹಾರಾದ ಧೂಳುಗಾಳಿ, ಮಳೆ ಬಿತ್ತೆಂದರೆ ಕಾಲಿಗೆಲ್ಲ ಕೆಸರು. ಇಲ್ಲಿನ ಆಸ್ಪತ್ರೆಗಳಿಗೆ ಹೊಕ್ಕುಳ ಬಳಿ ಗಂಟು ಹೊತ್ತವರು ಬರುತ್ತಿದ್ದರು. ಮುಟ್ಟಿದರೆ ಗಟ್ಟಿ, ನಿಂಬೆಹಣ್ಣಿನ ಗಾತ್ರ. ಟೋಗೋದ ಊರೊಂದರ ಹೆಸರೇ ಅದಕ್ಕೆ ಅಂಟಿತು: ದಾಪಾಂಗ್ ಗಂಟು. ಕ್ಯಾನ್ಸರ್ ಇರಬಹುದೆಂದು ಕೊಯ್ದರೆ ಒಳಗೆ ಕೀವು, ಕೀವಿನ ನಡುವೆ ಅದೇ ಜಾತಿಯ ಎಳೆಯ ಹುಳು.

ಹುಳುವಿನ ದಾರಿ ಹೀಗೆ. ಮಲದೊಡನೆ ಬಿದ್ದ ಮೊಟ್ಟೆ ಒದ್ದೆ ಮಣ್ಣಿನಲ್ಲಿ ಒಡೆದು ಮರಿಯಾಗುತ್ತದೆ. ಬಾಯಿಯ ಮೂಲಕ ಹೊಟ್ಟೆ ಸೇರಿದ ಮರಿ ದೊಡ್ಡ ಕರುಳಿನ ಗೋಡೆ ಕೊರೆದು ಅಡಗುತ್ತದೆ, ಬಲಿತ ಮೇಲೆ ಹೊರಬಂದು ಮೊಟ್ಟೆಯಿಡುತ್ತದೆ. ಹೊರಬರಲಾಗದೆ ಸಿಕ್ಕಿಬಿದ್ದದ್ದರ ಸುತ್ತ ಮೈ ತಾನೇ ಗೋಡೆ ಕಟ್ಟುತ್ತದೆ. ಅದೇ ಗಂಟು. ಸುಮಾರು 2,50,000 ಜನರಿಗೆ ಈ ಸೋಂಕು ಇದೆಯೆಂದು ಒಂದು ಕಾಲಕ್ಕೆ ಅಂದಾಜಿಸಿದ್ದರು.

ಬೇರೆಡೆ ಅಲ್ಲೊಬ್ಬ ಇಲ್ಲೊಬ್ಬರಿಗೆ ಇಂಥ ಹುಳು ಸಿಕ್ಕಾಗ ಅದು ಕೋತಿಯಿಂದ ಬಂದದ್ದೆಂದೇ ವೈದ್ಯರು ಬರೆದುಕೊಂಡಿದ್ದರು. ಹಾಗಾಗಿ ಇಲ್ಲಿಯೂ ಬೆರಳು ಕೋತಿಯತ್ತಲೇ ಹೋಯಿತು. ಅದು ನಿಜವಾಗಿದ್ದರೆ, ಕೋತಿಯ ಜೊತೆ ಅಂಗಳ ಹಂಚಿಕೊಂಡ ಬೋಆಬೆಂಗ್‌ನವರಿಗೆ ಎಲ್ಲರಿಗಿಂತ ಮೊದಲು ಗಂಟು ಏಳಬೇಕಿತ್ತಲ್ಲ? ಸಂಶೋಧಕರು ಅಲ್ಲಿನವರ ಮಲ ಪರೀಕ್ಷಿಸಿದರು. ಕೊಕ್ಕೆಹುಳು ಧಾರಾಳವಾಗಿ ಸಿಕ್ಕಿತು. ಈ ಹುಳು ಒಬ್ಬರಲ್ಲೂ ಇರಲಿಲ್ಲ. ಡಿಎನ್‌ಎ ನೋಡಿದರೆ ಕೋತಿಯ ಹುಳುವಿನ ಬಳಗವೇ ಬೇರೆ, ಉತ್ತರದ ಮನುಷ್ಯರ ಹುಳುವಿನ ಬಳಗವೇ ಬೇರೆ. ಹಿಂದೆಂದೋ ಎರಡಕ್ಕೂ ಮೂಲ ಒಂದೇ ಇದ್ದಿರಬಹುದು. ಬಯಲುಸೀಮೆಯಲ್ಲಿ ಮಾತ್ರ ಅದು ಮನುಷ್ಯನಿಂದ ಮಣ್ಣಿಗೆ, ಮಣ್ಣಿನಿಂದ ಮನುಷ್ಯನಿಗೆ ಸುತ್ತುತ್ತಿತ್ತು. ಕೋತಿಗೆ ಸುಮ್ಮನೆ ಕೆಟ್ಟ ಹೆಸರು.

2001ರ ಹೊತ್ತಿಗೆ ಆನೆಕಾಲು ರೋಗ ತಡೆಯಲೆಂದು ಊರೂರಿಗೆ ಆಲ್ಬೆಂಡಜೋಲ್ ಮಾತ್ರೆ ಹಂಚತೊಡಗಿದರು. ಅದೇ ಮಾತ್ರೆಗೆ ಈ ಹುಳುವೂ ಸತ್ತಿತು; ಕೆಲವೇ ವರ್ಷಗಳಲ್ಲಿ ಉತ್ತರದ ಹಳ್ಳಿಗಳಲ್ಲಿ ಸೋಂಕು ಹುಡುಕಿದರೂ ಸಿಗುವುದು ಅಪರೂಪವಾಯಿತು. ಮಾತ್ರೆ ಹಂಚಿದ್ದು ಜನಕ್ಕೆ ಮಾತ್ರ, ಕೋತಿಗಳಿಗಲ್ಲ.