ತೊಗರಿ ಹೊಲದ ಮಳೆ, ಹಡಗಿನ ದಿನಚರಿ

ಕಲಬುರಗಿಯ ತೊಗರಿ, ಕಮಲಾಪುರದ ಕೆಂಪು ಬಾಳೆ ಎರಡಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಸಮುದ್ರ ಇಲ್ಲಿಂದ ನೂರಾರು ಕಿಲೋಮೀಟರ್ ದೂರ. ಆದರೂ ಈ ಎರೆಹೊಲಗಳಿಗೆ ಇಳಿಯುವ ಮುಂಗಾರಿನ ತೇವ ಬರುವುದು ಕಡಲಿನಿಂದಲೇ. ಆದ್ದರಿಂದ ಕಡಲು ಎಷ್ಟು ಕಾದಿದೆ ಎಂಬುದು ಇಲ್ಲಿನ ರೈತರ ಪ್ರಶ್ನೆಯೂ ಹೌದು. ಅದಕ್ಕೆ ಉತ್ತರ ಬೇಕಾದರೆ ಹಿಂದೆ ಅದು ಎಷ್ಟು ಬೆಚ್ಚಗಿತ್ತು ಎಂದು ಮೊದಲು ತಿಳಿಯಬೇಕು.

ಆ ಲೆಕ್ಕ ಉಳಿದಿರುವುದು ಹಡಗಿನ ದಿನಚರಿಗಳಲ್ಲಿ. ಅಮೆರಿಕದ ನೌಕಾಧಿಕಾರಿ ಮ್ಯಾಥ್ಯೂ ಮೌರಿಯ ಒತ್ತಾಸೆಯಿಂದ 1853ರಲ್ಲಿ ಬ್ರಸೆಲ್ಸ್‌ನಲ್ಲಿ ಸೇರಿದ ದೇಶಗಳು ಗಾಳಿ, ಒತ್ತಡ, ನೀರಿನ ಉಷ್ಣತೆಗಳನ್ನು ಒಂದೇ ಮಾದರಿಯಲ್ಲಿ ಬರೆದಿಡಲು ಒಪ್ಪಿದವು. ನಾವಿಕರು ಬಕೆಟ್ ಇಳಿಸಿ ನೀರು ಮೇಲೆತ್ತಿ ಅದರಲ್ಲಿ ಥರ್ಮಾಮೀಟರ್ ಅದ್ದುತ್ತಿದ್ದರು. ಕ್ಯಾನ್ವಾಸ್ ಬಕೆಟ್ಟಾದರೆ ಮೇಲೆ ಬರುವಷ್ಟರಲ್ಲಿ ಗಾಳಿಗೆ ಅದರ ಒದ್ದೆ ಮೈ ಆರಿ ನೀರು ತುಸು ತಂಪಾಗುತ್ತಿತ್ತು. ಮುಂದೆ ಎಂಜಿನ್ನಿಗೆ ಸೆಳೆದುಕೊಳ್ಳುವ ನೀರನ್ನೇ ಅಳೆಯತೊಡಗಿದಾಗ ಅಂಕಿ ತುಸು ಹೆಚ್ಚಾಗಿ ಬಂತು. ಯಾವ ಹಡಗು, ಯಾವ ಬಕೆಟ್ ಎಂದು ಹುಡುಕಿ ವಿಜ್ಞಾನಿಗಳು ಈ ವ್ಯತ್ಯಾಸವನ್ನು ತಿದ್ದಿದ್ದಾರೆ. ಹಾಗೆ ತಿದ್ದಿದಾಗ ಭೂಮಿಯ ಒಟ್ಟು ಬಿಸಿಯೇರಿಕೆಯ ಅಂಕಿ ಸ್ವಲ್ಪ ಇಳಿಯಿತು. ಅವರು ಬಿಸಿಯನ್ನು ಬೇಕೆಂದೇ ಹಿಗ್ಗಿಸುತ್ತಾರೆ ಎನ್ನುವವರು ಇದನ್ನು ಗಮನಿಸಬೇಕು.

ಆಳದ ಲೆಕ್ಕ ಕೊಟ್ಟದ್ದು ಬ್ರಿಟನ್ನಿನ ‘ಚಾಲೆಂಜರ್’ ಹಡಗು. 1872ರಿಂದ 1876ರವರೆಗೆ ಅದು ಜಗತ್ತು ಸುತ್ತಿ ಕಡಲಾಳಕ್ಕೆ ಥರ್ಮಾಮೀಟರ್ ಇಳಿಬಿಟ್ಟಿತು. ಅದೇ ಜಾಗಗಳ ಅಂಕಿಗಳನ್ನು ಇಂದಿನ ಆರ್ಗೋ ತೇಲುಯಂತ್ರಗಳ ಅಳತೆಯೊಂದಿಗೆ 2012ರಲ್ಲಿ ಹೋಲಿಸಲಾಯಿತು. ಮೇಲ್ಮೈಯಲ್ಲಿ ಸರಾಸರಿ 0.59 ಡಿಗ್ರಿ, 700 ಮೀಟರ್ ಆಳದವರೆಗಿನ ಒಟ್ಟು ನೀರಿನಲ್ಲಿ 0.33 ಡಿಗ್ರಿ ಸೆಲ್ಸಿಯಸ್ ಏರಿಕೆ ಕಂಡಿತು. ಅಂಕಿ ಚಿಕ್ಕದು, ಆದರೆ ಅಷ್ಟು ನೀರು ಕಾಯಲು ಬೇಕಾದ ಶಾಖ ಅಗಾಧ.

ಚಾಲೆಂಜರ್ ಮರಳಿದ ವರ್ಷವೇ ನಮ್ಮಲ್ಲಿ ಧಾತು–ಈಶ್ವರ ಸಂವತ್ಸರಗಳ ಬರ ಶುರುವಾಯಿತು. ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿಯೂ ಸೇರಿ ದಖ್ಖನ್ ಹಸಿವಿನಿಂದ ಬೆಂದಿತು. 1877ರಲ್ಲಿ ಪೆಸಿಫಿಕ್‌ನಲ್ಲಿ ಕಡಲು ಕಾದು ನಮ್ಮ ಮುಂಗಾರನ್ನು ಕುಗ್ಗಿಸಬಲ್ಲ ಎಲ್ ನಿನೊ ಅತಿ ಪ್ರಬಲವಾಗಿತ್ತೆಂದು ಇಂದು ನಾವು ಹೇಳಬಲ್ಲೆವಾದರೆ, ಅದಕ್ಕೆ ಆ ಕಾಲದ ನಾವಿಕರ ಬರಹವೂ ಕಾರಣ. ಕಡಲು ತಾನಾಗಿ ಏರಿಳಿಯುವುದು ಬೇರೆ, ಮನುಷ್ಯ ಸುಟ್ಟ ಇಂಧನದಿಂದ ಕಾಯುವುದು ಬೇರೆ. ದೀರ್ಘಕಾಲದ ದಾಖಲೆ ಇಲ್ಲದೆ ಎರಡನ್ನೂ ಬಿಡಿಸಿ ನೋಡಲಾಗದು.

ಹಿಂದೂ ಮಹಾಸಾಗರದ ಸರದಿ ತಡವಾಗಿ ಬಂತು. 1960ರ ದಶಕದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಯಾನದಲ್ಲಿ ನಮ್ಮ ‘ಐಎನ್‌ಎಸ್ ಕಿಸ್ತ್ನಾ’ ಭಾಗವಹಿಸಿತು. ಅದರ ಫಲವಾಗಿ 1966ರಲ್ಲಿ ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಹುಟ್ಟಿತು. ಸಾಗರದ ಪಶ್ಚಿಮ ಕಾದು ಪೂರ್ವ ತಣಿಯುವ ‘ದ್ವಿಧ್ರುವ’ ಏರಿಳಿತವನ್ನು 1999ರಲ್ಲಿ ವಿಜ್ಞಾನಿಗಳಾದ ಸಾಜಿ, ಗೋಸ್ವಾಮಿ, ವಿನಯಚಂದ್ರನ್, ಯಮಗಾಟ ಗುರುತಿಸಿದ್ದು ನಾಲ್ಕು ದಶಕಗಳ ಅಂಕಿಗಳಿಂದ. 1901ರಿಂದ 2012ರ ನಡುವೆ ಪಶ್ಚಿಮ ಹಿಂದೂ ಮಹಾಸಾಗರದ ಬೇಸಿಗೆ ಉಷ್ಣತೆ ಸುಮಾರು 1.2 ಡಿಗ್ರಿ ಏರಿದೆ ಎಂದು ಹವಾಮಾನ ವಿಜ್ಞಾನಿ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು ಲೆಕ್ಕ ಹಾಕಿದ್ದಾರೆ.

ನೆಲದ ಮೇಲಿನ ಹಳೆಯ ಬರಹಕ್ಕೂ ಇಷ್ಟೇ ಬೆಲೆ ಇದೆ. ಕಮಲಾಪುರದಲ್ಲಾಗಲಿ ಕಲಬುರಗಿಯಲ್ಲಾಗಲಿ, ಮಳೆ ಬಿದ್ದ ದಿನ, ಬಿತ್ತಿದ ದಿನ, ರಾಶಿಯ ಲೆಕ್ಕ ಬರೆದ ಅಜ್ಜನ ವಹಿ ನಿಮ್ಮ ಮನೆಯಲ್ಲಿದ್ದರೆ ಅದನ್ನು ರದ್ದಿಗೆ ಹಾಕಬೇಡಿ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ಕಾಲೇಜಿಗೋ ಒಯ್ದು ತೋರಿಸಿ.