ಐವತ್ತು ಸಾವಿರ ಜನಕ್ಕೆ ಎಲ್ಲಿ ಜಾಗ?

ಮನೆಯಲ್ಲಿ ಮದುವೆ ಗೊತ್ತಾದ ಕೂಡಲೇ ಅಜ್ಜ-ಅಜ್ಜಿಯರು ಮೊದಲು ಕೇಳುವುದು ಒಂದೇ ಮಾತು: "ಛತ್ರ ಸಿಕ್ಕಿತಾ?" ಛತ್ರ ಸಿಕ್ಕಿತೆಂದರೆ ಅರ್ಧ ಮದುವೆ ಮುಗಿದ ಹಾಗೆ. ಐನೂರು ಜನರ ಊಟಕ್ಕೇ ಇಷ್ಟು ತಲೆಬಿಸಿಯಾದರೆ, ಐವತ್ತು ಸಾವಿರ ಜನ ಸೇರುವ ಸಭೆಗೆ ಜಾಗ ಹುಡುಕುವವರ ಪಾಡು ಹೇಗಿದ್ದೀತು? ಅದೂ ಕಾಡು, ಕೆರೆ, ನದಿ ಉಳಿಯಬೇಕೆಂದು ಊರೂರಲ್ಲಿ ಜನರನ್ನು ಒಟ್ಟುಗೂಡಿಸುವ ಪರಿಸರ ಸಂಘಟಕರು ಸೇರುವ ಸಭೆಯಾದರೆ?

ಮಕ್ಕಳೇ, ನಾನು ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ಆದ್ದರಿಂದ ಮೊದಲು ಲೆಕ್ಕ ಮಾಡೋಣ. ಪೆನ್ಸಿಲು, ಕಾಗದ ತೆಗೆದುಕೊಳ್ಳಿ.

ಒಬ್ಬರಿಗೆ ದಿನಕ್ಕೆ 3 ಲೀಟರ್ ಕುಡಿಯುವ ನೀರೆಂದರೆ ಐವತ್ತು ಸಾವಿರ ಜನಕ್ಕೆ 1,50,000 ಲೀಟರ್. 5,000 ಲೀಟರ್ ಹಿಡಿಸುವ ಟ್ಯಾಂಕರ್ 30 ಸಲ ಬರಬೇಕು. ಎರಡು ಹೊತ್ತಿನ ಊಟಕ್ಕೆ ಒಂದು ಲಕ್ಷ ಎಲೆ ಬೇಕು. ಎಲ್ಲರೂ ಬಸ್ಸಿನಲ್ಲೇ ಬಂದರೆ, ಒಂದರಲ್ಲಿ 50 ಜನರಂತೆ 1,000 ಬಸ್ಸು. ಒಂದು ಬಸ್ಸಿನ ಉದ್ದ ಸುಮಾರು 12 ಮೀಟರ್. ಒಂದರ ಹಿಂದೆ ಒಂದು ನಿಲ್ಲಿಸಿದರೆ 12 ಕಿಲೋಮೀಟರ್ ಸಾಲು! ನೂರು ಜನಕ್ಕೆ ಒಂದೇ ಶೌಚಾಲಯ ಎಂದಿಟ್ಟುಕೊಂಡರೂ 500 ಶೌಚಾಲಯ.

ಇದೆಲ್ಲ ಯಾವುದೇ ದೊಡ್ಡ ಸಭೆಯ ಲೆಕ್ಕ. ಪರಿಸರದವರ ಸಭೆಗೆ ಇನ್ನೂ ಕೆಲವು ಪ್ರಶ್ನೆಗಳಿವೆ. ಚಪ್ಪರ ಹಾಕಲು ಮರ ಕಡಿಯಬೇಕಾಗುತ್ತದೆಯೇ? ನಾವು ಎರಡು ದಿನ ಕುಡಿದು ಹೋದ ಮೇಲೆ ಊರವರ ಬಾವಿಯಲ್ಲಿ ನೀರು ಉಳಿದಿರುತ್ತದೆಯೇ? ಕಸವನ್ನು ಯಾರ ಹೊಲದಲ್ಲಿ ಬಿಟ್ಟು ಹೋಗುತ್ತೇವೆ? ಮರ ಉಳಿಸಿ ಎಂದು ಭಾಷಣ ಮಾಡಿ, ಮೈದಾನದ ತುಂಬ ಪ್ಲಾಸ್ಟಿಕ್ ಲೋಟ ಬಿಟ್ಟು ಹೋದರೆ ಊರಿನ ಮಕ್ಕಳೇ ನಗುತ್ತಾರೆ.

ಇವೆಲ್ಲಕ್ಕಿಂತ ದೊಡ್ಡ ಪ್ರಶ್ನೆ ಒಂದಿದೆ. ಯಾವ ಜಾಗದ ಬಗ್ಗೆ ಮಾತಾಡುತ್ತೇವೋ ಆ ಜಾಗದಲ್ಲೇ ಏಕೆ ಸೇರಬಾರದು?

ನಮ್ಮ ಉತ್ತರ ಕನ್ನಡದವರು ಹಾಗೆಯೇ ಮಾಡಿದರು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಳಸೆ ಕಾಡಿಗೆ ನಡೆದು ಹೋದರು. ಮರ ಕಡಿಯುತ್ತಿದ್ದವರ ಎದುರಿನಲ್ಲಿ ಮರಗಳನ್ನು ಅಪ್ಪಿಕೊಂಡು ನಿಂತರು. ಹಿಮಾಲಯದ ಚಿಪ್ಕೋ ಚಳವಳಿಯ ತಂಗಿಯಂತಿದ್ದ ಈ ಚಳವಳಿಗೆ 'ಅಪ್ಪಿಕೋ' ಎಂದೇ ಹೆಸರಾಯಿತು. ಅವರಿಗೆ ಸಭಾಂಗಣವೂ ಕಾಡೇ, ವೇದಿಕೆಯೂ ಕಾಡೇ.

ನಾಲ್ಕು ವರ್ಷದ ಮೇಲೆ ಇನ್ನೊಂದು ಉಪಾಯ ಕಂಡಿತು. ಉಳಿಸಬೇಕಾದದ್ದು ಇಡೀ ಪಶ್ಚಿಮ ಘಟ್ಟ. ಅಷ್ಟುದ್ದದ ಬೆಟ್ಟಸಾಲಿನಲ್ಲಿ ಯಾವ ಊರನ್ನು ಆರಿಸುವುದು? ಹಾಗಾಗಿ ಸಭೆಯೇ ನಡೆಯತೊಡಗಿತು! 1987ರ ನವೆಂಬರಿನಲ್ಲಿ ಒಂದು ತಂಡ ದಕ್ಷಿಣದ ಕನ್ಯಾಕುಮಾರಿಯಿಂದ, ಇನ್ನೊಂದು ತಂಡ ಉತ್ತರದಲ್ಲಿ ಮಹಾರಾಷ್ಟ್ರದ ನವಾಪುರದಿಂದ ಹೊರಟವು. ದಾರಿಯ ಹಳ್ಳಿಗಳ ಜನರೊಡನೆ ಮಾತಾಡುತ್ತ, ಸುಮಾರು ಮೂರು ತಿಂಗಳು ನಡೆದು 1988ರ ಫೆಬ್ರವರಿಯಲ್ಲಿ ಗೋವಾದಲ್ಲಿ ಕೂಡಿಕೊಂಡವು.

ಈಗ ಐವತ್ತು ಸಾವಿರದ ಮಾತಿಗೆ ಬರೋಣ. ಅದು ಕೇವಲ ಲೆಕ್ಕಕ್ಕಾಗಿ ಹಿಡಿದ ಸಂಖ್ಯೆಯಲ್ಲ. 1989ರ ಸೆಪ್ಟೆಂಬರ್ 28ರಂದು ದೇಶದ ನಾನಾ ರಾಜ್ಯಗಳಿಂದ ಹೆಚ್ಚುಕಡಿಮೆ ಅಷ್ಟು ಜನ ಒಂದೆಡೆ ಸೇರಿದ್ದರು. ಬಾಬಾ ಆಮ್ಟೆ, ಮೇಧಾ ಪಾಟ್ಕರ್ ಅವರೂ ಇದ್ದರು. ಎಲ್ಲಿ ಗೊತ್ತೇ? ದಿಲ್ಲಿಯಲ್ಲಲ್ಲ, ಮುಂಬಯಿಯಲ್ಲೂ ಅಲ್ಲ. ಮಧ್ಯಪ್ರದೇಶದ ಹರಸೂದ್ ಎಂಬ ಸಣ್ಣ ಪಟ್ಟಣದಲ್ಲಿ.

ಹರಸೂದಿನಲ್ಲಿ ರೈಲು ನಿಲ್ದಾಣವಿತ್ತು ನಿಜ. ಆದರೆ ಆ ಊರನ್ನೇ ಆರಿಸಲು ಮುಖ್ಯ ಕಾರಣ ಬೇರೆ. ನರ್ಮದಾ ನದಿಗೆ ಕಟ್ಟಲಿದ್ದ ದೊಡ್ಡ ಅಣೆಕಟ್ಟಿನ ಹಿನ್ನೀರಿನಲ್ಲಿ ಇನ್ನೂರಕ್ಕೂ ಹೆಚ್ಚು ಹಳ್ಳಿಗಳ ಜೊತೆ ಹರಸೂದ್ ಕೂಡ ಮುಳುಗುವುದಿತ್ತು. ದೂರದ ಊರಿನಲ್ಲಿ ಕುಳಿತು 'ಮುಳುಗಡೆ' ಎಂದರೆ ಅದೊಂದು ಪದ ಅಷ್ಟೆ. ಹರಸೂದಿನ ಬೀದಿಯಲ್ಲಿ ನಿಂತು ಹೇಳಿದರೆ ಎದುರಿಗೇ ಅಂಗಡಿ ಇದೆ, ಶಾಲೆ ಇದೆ, ಜಗಲಿಯ ಮೇಲೆ ಅಜ್ಜಿ ಕುಳಿತಿದ್ದಾಳೆ. ಬಂದವರು ಅಲ್ಲಿಯೇ ಸಂಕಲ್ಪ ಮಾಡಿದರು: ನಮಗೆ ಅಭಿವೃದ್ಧಿ ಬೇಕು, ವಿನಾಶ ಬೇಡ.

ಆಮೇಲೆ ಏನಾಯಿತು ಎಂದು ನೀವು ಕೇಳುತ್ತೀರಿ. ಊರು ಉಳಿಯಲಿಲ್ಲ. 2004ರ ಜೂನ್ ಮುಗಿಯುವುದರೊಳಗೆ ಖಾಲಿ ಮಾಡಬೇಕೆಂಬ ಆದೇಶ ಬಂತು. ಜನ ತಾವು ಕಟ್ಟಿದ ಮನೆಗಳನ್ನು ತಾವೇ ಕೆಡವಿ, ಬಾಗಿಲು, ಕಿಟಕಿ, ತೊಲೆಗಳನ್ನು ಲಾರಿ, ಟ್ರ್ಯಾಕ್ಟರುಗಳಿಗೆ ಹೇರಿಕೊಂಡು ಹೋದರು. ಛನೇರಾ ಎಂಬಲ್ಲಿ ಹೊಸ ಹರಸೂದ್ ಎದ್ದಿತು. ಆ ಅಣೆಕಟ್ಟೇ ಇಂದಿರಾ ಸಾಗರ. ಇಂದು ಅಲ್ಲಿ 1,000 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರವಿದೆ, ಹೊಲಗಳಿಗೆ ನೀರೂ ಹೋಗುತ್ತದೆ. ಲೆಕ್ಕದ ಪುಸ್ತಕದಲ್ಲಿ ಜಮಾ ಇದ್ದ ಹಾಗೆ ಖರ್ಚಿನ ಕಡೆಯೂ ಇರಬೇಕಲ್ಲವೇ? ಆ ಖರ್ಚಿನ ಕಡೆಯಲ್ಲಿ ಹರಸೂದ್ ಎಂಬ ಊರು ಇದೆ. ಅದನ್ನು ನಾವು ಇಂದಿಗೂ ಹೆಸರು ಹಿಡಿದು ನೆನೆಯುತ್ತಿದ್ದರೆ, ಸಭೆಗೆ ಆ ಜಾಗವನ್ನು ಆರಿಸಿದ್ದೂ ಅದಕ್ಕೊಂದು ಕಾರಣ. ಅದೇ ಸಭೆ ಯಾವುದೋ ನಗರದ ಮೈದಾನದಲ್ಲಿ ನಡೆದಿದ್ದರೆ ಆ ಹೆಸರು ಎಷ್ಟು ಜನರ ಕಿವಿಗೆ ಬೀಳುತ್ತಿತ್ತು?

ನಿಮಗೊಂದು ಕೆಲಸ ಕೊಡುತ್ತೇನೆ. ನಿಮ್ಮ ಶಾಲೆಯ ಮೈದಾನವನ್ನು ಹೆಜ್ಜೆಯಿಂದ ಅಳೆಯಿರಿ. ಒಬ್ಬರು ಕಾಲು ಮಡಿಸಿ ಕೂರಲು ಸುಮಾರು ಒಂದು ಚದರ ಮೀಟರ್ ಬೇಕು ಎಂದಿಟ್ಟುಕೊಳ್ಳಿ. 100 ಮೀಟರ್ ಉದ್ದ, 50 ಮೀಟರ್ ಅಗಲದ ಮೈದಾನದಲ್ಲಿ 5,000 ಜನ ಕೂರಬಹುದು. ಹರಸೂದಿಗೆ ಬಂದವರಿಗೆ ಅಂಥ ಎಷ್ಟು ಮೈದಾನ ಬೇಕು? ನಿಮ್ಮ ಮೈದಾನದಲ್ಲಿ ಎಷ್ಟು ಜನಕ್ಕೆ ನೆರಳಿದೆ, ಎಷ್ಟು ಜನಕ್ಕೆ ನೀರಿದೆ?

ಆಮೇಲೆ ಅಜ್ಜ-ಅಜ್ಜಿಯನ್ನು ಕೇಳಿ: ನಿಮ್ಮ ಕಾಲದಲ್ಲಿ ಊರಿನವರೆಲ್ಲ ಸೇರುತ್ತಿದ್ದದ್ದು ಎಲ್ಲಿ? ಅರಳಿಕಟ್ಟೆಯೋ, ಕೆರೆ ಏರಿಯೋ, ಗುಡಿಯ ಅಂಗಳವೋ? ಅದು ಈಗಲೂ ಇದೆಯೇ? ಇದ್ದರೆ ಈ ಭಾನುವಾರ ಅವರ ಕೈಹಿಡಿದು ಅಲ್ಲಿಗೆ ಹೋಗಿ ಸ್ವಲ್ಪ ಹೊತ್ತು ಕುಳಿತು ಬನ್ನಿ.